ಹರಿಯದೆ ಇಟ್ಟ ಕಾರ್ಡು

ಹಳೆಯ ಕೈಬರಹದಲ್ಲಿ ಓದಲಾಗದ ಅಕ್ಷರ ಬಂದರೆ ಚುಕ್ಕಿ ಇಡಬೇಕು. ಇದಿರಬಹುದು ಎಂದು ಊಹಿಸಿದ ಪದವನ್ನು ಚೌಕ ಕಂಸದೊಳಗೆ ಹಾಕಬೇಕು. ಹಾಳೆ ಹರಿದಿದ್ದರೆ ಹರಿದಿದೆ ಎಂದೇ ಬರೆಯಬೇಕು. ಅಲ್ಲಿ ಏನಿದ್ದೀತು ಎಂದು ನಾವು ತುಂಬಕೂಡದು. ಈ ನಿಯಮಗಳನ್ನು ನನಗೆ ಹೇಳಿಕೊಟ್ಟವರು ಬಸವನ ಬಾಗೇವಾಡಿಯ ಒಬ್ಬ ನಿವೃತ್ತ ಇಂಗ್ಲಿಷ್ ಮಾಸ್ತರು. ಈ ಬರಹದಲ್ಲೂ ಅವನ್ನೇ ಪಾಲಿಸುತ್ತೇನೆ. ನನ್ನ ನೆನಪು ಏನನ್ನಾದರೂ ಅಚ್ಚುಕಟ್ಟಾಗಿ ತಂದೊಪ್ಪಿಸಿದರೆ ನನಗೆ ಅನುಮಾನ ಬರುತ್ತದೆ. ಅಂಥಲ್ಲಿ ಕಂಸ ಹಾಕುತ್ತೇನೆ.

ಕೆಲಸ ಇಷ್ಟೇ. ಅಮೆರಿಕ ಸ್ವತಂತ್ರವಾದ ಹೊಸತರಲ್ಲಿ ಅದನ್ನು ನಡೆಸಿದ ಮುತ್ಸದ್ದಿಗಳು ತಮ್ಮತಮ್ಮಲ್ಲಿ ಬರೆದುಕೊಂಡ ಪತ್ರಗಳಲ್ಲಿ ಕೆಲವನ್ನು ಆರಿಸಿ ಒಂದು ಪುಸ್ತಕ ಮಾಡಬೇಕೆಂದು ಬೆಂಗಳೂರಿನ ಪ್ರಕಾಶಕರೊಬ್ಬರು ಹೊರಟಿದ್ದರು. ಮೂಲ ಪತ್ರಗಳು ಅಲ್ಲಿನ ಗ್ರಂಥಾಲಯಗಳಲ್ಲಿವೆ. ಅವುಗಳ ಪುಟಪುಟದ ಫೋಟೋ ಮತ್ತು ಅಚ್ಚಿನ ಪಾಠ ಅಂತರ್ಜಾಲದಲ್ಲಿ ಯಾರಿಗೆ ಬೇಕಾದರೂ ಸಿಗುತ್ತವೆ. ಸಿಂದಗಿಯ ಮನೆಯಲ್ಲಿ ಕೂತು ನಾನು ಅನುವಾದಿಸಬೇಕು, ಮಾಸ್ತರು ತಿದ್ದಬೇಕು. ಅವರು ಪರದೆಯ ಮೇಲೆ ಓದುವುದಿಲ್ಲ. ಹಾಗಾಗಿ ನಾನು ಮುದ್ರಿಸಿ ಟಪಾಲಿಗೆ ಹಾಕುತ್ತಿದ್ದೆ. ಅವರು ಅಂಚಿನ ತುಂಬ ಕೆಂಪು ಶಾಯಿ ಹಚ್ಚಿ ಟಪಾಲಿನಲ್ಲೇ ತಿರುಗಿ ಕಳಿಸುತ್ತಿದ್ದರು. ಒಂದಿಷ್ಟು ಪತ್ರ ಕೂಡಿದ ಮೇಲೆ ದೇವರ ಹಿಪ್ಪರಗಿ ಮೇಲಿನ ಬಸ್ಸು ಹಿಡಿದು ನಾನೇ ಬಾಗೇವಾಡಿಗೆ ಹೋಗುತ್ತಿದ್ದೆ. ಅಲ್ಲಿ ಕೊನೆಯ ಪರೀಕ್ಷೆ: ಇಂಗ್ಲಿಷ್ ಬಾರದ ಒಬ್ಬರ ಮುಂದೆ ಗಟ್ಟಿಯಾಗಿ ಓದುವುದು. ಅವರು ಎಲ್ಲಿ 'ಆಂ?' ಎನ್ನುತ್ತಾರೋ ಅಲ್ಲಿ ಅನುವಾದ ಕೆಟ್ಟಿದೆ ಎಂದು ಲೆಕ್ಕ.

ಹಾಗೆ ಕೇಳುತ್ತಿದ್ದವರು ಮಾಸ್ತರ ಹೆಂಡತಿ ಮತ್ತು ಮಾಸ್ತರ ವಿಧವೆ ತಂಗಿ. ಹೆಂಡತಿಯನ್ನು ಮನೆಯಲ್ಲಿ ಎಲ್ಲರೂ ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ತಂಗಿ ಬಂದುಹೋಗುವವರಿಗೆಲ್ಲ ಆತ್ಯಾ. ವೈನಿ ಹೆಚ್ಚು ಮಾತಾಡುತ್ತಿರಲಿಲ್ಲ. ಆತ್ಯಾ ಮಾತ್ರ ಪತ್ರದ ಪ್ರತಿ ಸಾಲಿಗೂ ಜಗಳ ತೆಗೆಯುತ್ತಿದ್ದರು. ಪ್ರತಿ ಪತ್ರದ ಕೊನೆಗೆ ಆ ದೊಡ್ಡವರು 'ತಮ್ಮ ಅತ್ಯಂತ ವಿಧೇಯ ಸೇವಕ' ಎಂದು ಸಹಿ ಹಾಕುವುದನ್ನು ಕೇಳಿ, ಅಧ್ಯಕ್ಷ ಆದಾವ ಸೇವಕ ಅಂತಾನಂದ್ರ ಏನೋ ಕೆಲಸ ಆಗಬೇಕಾಗಿರ್ತದ ಎಂದು ನಕ್ಕಿದ್ದರು. ಮೂರನೆಯ ಅಧ್ಯಕ್ಷ ಎರಡು ಪೆನ್ನು ಜೋಡಿಸಿದ ಯಂತ್ರ ಇಟ್ಟುಕೊಂಡಿದ್ದ, ಒಂದರಲ್ಲಿ ಬರೆದರೆ ಇನ್ನೊಂದು ತಾನಾಗಿ ನಕಲು ಬರೆಯುತ್ತಿತ್ತು, ತಾನು ಕಳಿಸಿದ ಪತ್ರಗಳ ಪ್ರತಿಯನ್ನು ಅವನು ಜೋಪಾನವಾಗಿ ಇಡುತ್ತಿದ್ದ ಎಂದು ನಾನು ವಿವರಿಸಿದೆ. ಅದೇ ಮನುಷ್ಯ ಹೆಂಡತಿ ತೀರಿಕೊಂಡ ಮೇಲೆ ಅವಳೊಂದಿಗಿನ ಪತ್ರಗಳನ್ನೆಲ್ಲ ಸುಟ್ಟನೆಂದು ಹೇಳುತ್ತಾರೆ, ಒಂದೂ ಉಳಿದಿಲ್ಲ, ಎಂಥ ನಷ್ಟ ಎಂದೆ.

"ನಷ್ಟ ಯಾರಿಗೆ?" ಎಂದು ಕೇಳಿದವರು ವೈನಿ. ನನಗೆ ನೆನಪಿರುವಂತೆ ಆ ದಿನ ಅವರು ಆಡಿದ ಒಂದೇ ಮಾತು ಅದು. ಆತ್ಯಾ ಕೂಡಲೇ, "ಶಾಣ್ಯಾ ಇದ್ದ ಬಿಡು" ಎಂದು ಅಲ್ಲಿಗೆ ಮುಗಿಸಿದರು.

ಕೆಲಸ ಶುರುವಾದ ಹೊಸತರಲ್ಲಿ ಮಾಸ್ತರು ನಮ್ಮನ್ನೆಲ್ಲ ಇಂಡಿ ತಾಲೂಕಿನ ಸಾಲೋಟಗಿಗೆ ಕರೆದುಕೊಂಡು ಹೋಗಿದ್ದರು. ಹಳೆಯ ಶಾಸನ ತೋರಿಸಲಿಕ್ಕೆ. ಕಲ್ಲಿನಲ್ಲಿ ಅಕ್ಷರ ಸವೆದ ಕಡೆ ಬೆರಳಿಟ್ಟು, ಇಲ್ಲಿ ಏನಿತ್ತು ಅಂತ ನನಗ ಗೊತ್ತದ ಅನಸ್ತದ, ಹಂಗ ಅನಸೂದ ಅಪಾಯ ಎಂದರು. ವೈನಿ ಸ್ವಲ್ಪ ದೂರ [ಬೇವಿನ] ಮರದ ನೆರಳಲ್ಲಿ ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಕಲ್ಲು ಕಂಡರೆ ಇವರಿಗೆ ಹಸಿವೆಯೂ ಆಗುವುದಿಲ್ಲ ಎಂದು ನನಗೆ ಹೇಳಿದರು. ಮುಖ ನೆನಪಿದೆ. ಸೀರೆಯ ಬಣ್ಣ ಇಲ್ಲ.

ಪುಸ್ತಕದಲ್ಲಿ ನನಗೆ ಬಗ್ಗದೆ ಉಳಿದದ್ದು ಒಂದೇ ಪತ್ರ. ಎರಡನೆಯ ಅಧ್ಯಕ್ಷನ ಹೆಂಡತಿ ತೀರಿಕೊಂಡಾಗ ಮೂರನೆಯ ಅಧ್ಯಕ್ಷ ಅವನಿಗೆ ಬರೆದದ್ದು. ಮೊದಲು ಗೆಳೆಯರು, ಆಮೇಲೆ ರಾಜಕೀಯದಿಂದ ಮಾತು ಬಿಟ್ಟವರು, ಮುಪ್ಪಿನಲ್ಲಿ ಮತ್ತೆ ಪತ್ರ ಶುರುಮಾಡಿದವರು. ಕೊನೆಯವರೆಗೂ ಮತ್ತೆ ಮುಖಾಮುಖಿ ಆಗಲಿಲ್ಲ. ಪತ್ರ ಸಣ್ಣದು. ಇಂಥ ದುಃಖಕ್ಕೆ ಕಾಲ ಮತ್ತು ಮೌನದ ಹೊರತು ಮದ್ದಿಲ್ಲ, ಸುಮ್ಮನೆ ಸಮಾಧಾನ ಹೇಳಿ ನಿಮ್ಮ ಗಾಯ ಕೆದಕಲಾರೆ ಎಂಬುದು ಅದರ ಸಾರ. ನಾನು ಮಾಡಿದ ಕನ್ನಡ ಸಹಕಾರಿ ಸಂಘದ ಸಂತಾಪ ಠರಾವಿನ ಹಾಗೆ ಕೇಳುತ್ತಿತ್ತು. ಹರಿದು ಮಾಡಿದೆ, ಮತ್ತೆ ಹರಿದೆ. ವಾಕ್ಯ ಒಡೆದು ನೋಡಿದೆ, ಗದ್ಯವನ್ನು ಪದ್ಯದ ಸಾಲುಗಳ ಹಾಗೆ ಮುರಿದು ನೋಡಿದೆ. ಪತ್ರ ಸತ್ತೇ ಇತ್ತು.

ಆ ದಿನಗಳಲ್ಲಿ ಮಾಸ್ತರಿಂದ ಒಂದು ಕಾರ್ಡು ಬಂತು. ಒಂದು ಮೂಲೆ ಹರಿದಿತ್ತು.

ನಮ್ಮ ಕಡೆ ಮೂಲೆ ಹರಿದ ಕಾರ್ಡು ಬಂದರೆ ಓದುವ ಮೊದಲೇ ಸುದ್ದಿ ಗೊತ್ತಾಗುತ್ತದೆ. ಅದನ್ನು ಹೊಸ್ತಿಲ ಒಳಗೆ ತರುವುದಿಲ್ಲ. ಹೊರಗೇ ನಿಂತು ಓದಬೇಕು, ಅಲ್ಲೇ ಹರಿದು ಹಾಕಬೇಕು, ಕೈಕಾಲು ತೊಳೆದು ಒಳಗೆ ಬರಬೇಕು. ಈಗ ಸಾವಿನ ಸುದ್ದಿ ಫೋನಿನಲ್ಲೇ ಬರುವುದರಿಂದ ಅನೇಕರಿಗೆ ಇದು ಮರೆತಿದೆ. ನನಗೆ ಮರೆತಿರಲಿಲ್ಲ. ಯಂಕಂಚಿಯ ಮನೆಯಲ್ಲಿ ನಾನು ಸಣ್ಣವಳಿದ್ದಾಗ ಅವ್ವ ಓದು ಬಾರದಿದ್ದರೂ ಮೂಲೆ ನೋಡಿ ಕಾರ್ಡನ್ನು ಹೊರಗೇ ತಡೆದು, ಯಾರಿಂದಲಾದರೂ ಓದಿಸಿ, ತಾನೇ ಚೂರುಚೂರು ಮಾಡುತ್ತಿದ್ದಳು.

ವೈನಿ ತೀರಿಕೊಂಡಿದ್ದರು. ನಾನು ಗೇಟಿನ ಹತ್ತಿರ ನಿಂತು ಓದಿದೆ. ಮಾಸ್ತರು ಸ್ವಂತ ಕೈಯಲ್ಲಿ ಬರೆದಿದ್ದರು. ತಾರೀಖು, ಕ್ರಿಯೆಯ ದಿನ, ಮತ್ತು ಕೆಳಗೆ ಉಳಿದ ಸಣ್ಣ ಜಾಗದಲ್ಲಿ, ವೈನಿ ದಿನಾ ಬೆಳಿಗ್ಗೆ ಮಾಡುತ್ತಿದ್ದ ಒಂದು ಚಿಕ್ಕ ಕೆಲಸದ ಬಗ್ಗೆ ಒಂದು ವಾಕ್ಯ. ಆ ವಾಕ್ಯ ಹೀಗಿತ್ತು:

[ಇಲ್ಲಿ ಹಾಳೆ ಹರಿದಿದೆ.]

ಅಳು ಬಂತು ಎಂದು ಬರೆದರೆ ಸುಳ್ಳಲ್ಲ. ಆದರೆ ಅಳುವಿನ ಮೊದಲು ಬಂದದ್ದು ಬೇರೆ. 'ಸಿಕ್ಕಿತು' ಎಂದುಕೊಂಡೆ. ತಿಂಗಳುಗಟ್ಟಲೆ ಹುಡುಕಿದ ದನಿ ಕೈಯಲ್ಲಿತ್ತು. ಒಂದು ಗುಣವಾಚಕವಿಲ್ಲ, ಒಂದು ದೊಡ್ಡ ಪದವಿಲ್ಲ. ಕಾರ್ಡನ್ನು ಹರಿಯಲಿಲ್ಲ. ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ತಂದೆ. ಅಮೆರಿಕದ ಪುಟಗಳನ್ನು ಅಚ್ಚುಕಟ್ಟಾಗಿ ಇಡಲು ಬಳಸುತ್ತಿದ್ದ ಆ್ಯಪಿನಿಂದಲೇ ಎರಡೂ ಬದಿ ಸ್ಕ್ಯಾನ್ ಮಾಡಿದೆ. ಆಮೇಲೆ, ಈಗ ಸಿಂದಗಿಯಲ್ಲಿ ನನ್ನ ಜೊತೆಗೇ ಇರುವ ಅವ್ವನ ಕಣ್ಣಿಗೆ ಬೀಳದ ಹಾಗೆ ದಪ್ಪ ನಿಘಂಟಿನ ಒಳಗಿಟ್ಟೆ. ನನಗೆ ನಲವತ್ತು ದಾಟಿತ್ತು. ಪುಸ್ತಕದಲ್ಲಿ ನವಿಲುಗರಿ ಬಚ್ಚಿಡುವ ಹುಡುಗಿಯ ಹಾಗೆ ಬಚ್ಚಿಟ್ಟೆ.

ಮಾತಾಡಿಸಿಕೊಂಡು ಬರಲು ಬಾಗೇವಾಡಿಗೆ ಹೋದೆ. ಮಾಸ್ತರು ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು. ಕಾರ್ಡು ಮುಟ್ಟಿತೇ ಎಂದು ಕೇಳಿದರು. ಮುಟ್ಟಿತ್ರಿ ಸರ್ ಎಂದೆ. ಅವರು ಬಿಡಿಬಿಡಿಯಾಗಿ ಏನೇನೋ ಹೇಳುತ್ತಿದ್ದರು. ನಾನು ತಲೆಯಾಡಿಸುತ್ತ, ಅವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಕ್ರಿಯಾಪದವನ್ನು ಎಲ್ಲಿ ನುಂಗುತ್ತಾರೆ ಎಂದು ಗಮನಿಸುತ್ತಿದ್ದೆ. ಅದನ್ನು ಗಮನಿಸುತ್ತಿದ್ದೇನೆ ಎಂಬುದೂ ನನಗೆ ಗೊತ್ತಿತ್ತು.

ಆ ವಾರದಲ್ಲೇ ಸಂತಾಪದ ಪತ್ರ ಮುಗಿಯಿತು. ಮಾಸ್ತರ ವಾಕ್ಯದ ನಡಿಗೆಯನ್ನು ಮೂರನೆಯ ಅಧ್ಯಕ್ಷನಿಗೆ ಕೊಟ್ಟೆ. ನಡಿಗೆಯಷ್ಟೇ ಆಗಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ವಾಕ್ಯವನ್ನೇ ಇಳಿಸಿದೆ. ವೈನಿಯ ಬೆಳಗಿನ ಆ ಕೆಲಸವನ್ನು, ಒಂದೆರಡು ವಸ್ತುಗಳ ಹೆಸರು ಬದಲಿಸಿ, ಸಮುದ್ರ ದಾಟಿಸಿ, ಎರಡನೆಯ ಅಧ್ಯಕ್ಷನ ಹೆಂಡತಿಯ ಅಡುಗೆಮನೆಯಲ್ಲಿ ಕೂರಿಸಿದೆ. ಮೂಲದಲ್ಲಿ ಅಂಥದ್ದು ಏನೂ ಇಲ್ಲ. ಭಾವಾನುವಾದ ಎಂಬ ಪದವೊಂದಿದೆ, ನನ್ನಂಥವರಿಗೆ ಬಹಳ ಅನುಕೂಲದ್ದು.

ತಿದ್ದಲು ಮಾಸ್ತರಿಗೇ ಕಳಿಸಿದೆ. ಯಾಕೆ ಕಳಿಸಿದೆ ಎಂಬ ಪ್ರಶ್ನೆಗೆ ನನ್ನ ಬಳಿ ಒಂದಕ್ಕಿಂತ ಹೆಚ್ಚು ಉತ್ತರಗಳಿವೆ, ಹಾಗಾಗಿ ಯಾವುದನ್ನೂ ನಂಬುವುದಿಲ್ಲ. [ಅವರಿಗೆ ಖುಷಿಯಾಗುತ್ತದೆ ಎಂದುಕೊಂಡೆ.] [ಗುರುತು ಹಿಡಿಯಲಾರರು ಎಂದುಕೊಂಡೆ.] ಕಟ್ಟಿನಲ್ಲಿದ್ದ ಉಳಿದ ಪತ್ರಗಳೆಲ್ಲ ಎಂದಿನಂತೆ ಕೆಂಪಾಗಿ ಬಂದವು. ಈ ಒಂದು ಹಾಳೆ ಮಾತ್ರ ಒಂದು ಗೀಟೂ ಇಲ್ಲದೆ ಬಿಳಿಯಾಗಿ ಬಂತು. ಬಿಳಿ ಅಂಚನ್ನು ನಾನು ಒಪ್ಪಿಗೆ ಎಂದು ಓದಿದೆ. ಸಾಲೋಟಗಿಯ ಕಲ್ಲಿನ ಮುಂದೆ ನಿಂತು ಕಲಿತ ಪಾಠ ಅಷ್ಟೇ ಇತ್ತು.

ಪ್ರಕಾಶಕರ ಸಂಪಾದಕರು ಫೋನು ಮಾಡಿ ಇದೇ ಪುಸ್ತಕದ ಜೀವ ಎಂದರು. ಆ ಪತ್ರವನ್ನು ಎಲ್ಲಕ್ಕಿಂತ ಮೊದಲು ಇಟ್ಟರು. 'ಅಮೆರಿಕದ ಅಧ್ಯಕ್ಷನ ಸಂತಾಪ ಪತ್ರ' ಎಂದು ತಲೆಬರಹ ಕೊಟ್ಟು, ಚಂದದ ಅಂಚು ಕಟ್ಟಿ, ಒಂದು ಚಿತ್ರ ಮಾಡಿ ವಾಟ್ಸಾಪಿನಲ್ಲಿ ಹಂಚಿದರು. ಜನ ಮೆಚ್ಚಿದರು. ನಾನೂ ನಾಲ್ಕಾರು ಗುಂಪುಗಳಿಗೆ ಕಳಿಸಿದೆ.

ಕರಡಚ್ಚು ಬಂದ ಮೇಲೆ ಪೂರ್ತಿ ಪುಸ್ತಕವನ್ನು ಕೊನೆಯ ಸಲ ಗಟ್ಟಿಯಾಗಿ ಓದಲು ಬಾಗೇವಾಡಿಗೆ ಹೋದೆ. ಈಗ ಕೇಳಲು ಆತ್ಯಾ ಒಬ್ಬರೇ. ಅವರು ಮೊರದಲ್ಲಿ ಅಕ್ಕಿ ಆರಿಸುತ್ತ ಕೂತರು. ಮಾಸ್ತರು ತಮ್ಮ ಪ್ರತಿಯನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದ್ದರು. ಸಂತಾಪದ ಪತ್ರವೇ ಮೊದಲಿತ್ತಲ್ಲ, ಅದರಿಂದಲೇ ಶುರುಮಾಡಿದೆ.

ಆತ್ಯಾರ ಕೈ ನಿಂತಿತು. ಇನ್ನೊಮ್ಮೆ ಓದು ಎಂದರು. ಹಿಡಿಸಿರಬೇಕು ಎಂದು ನಾನು ನಿಧಾನವಾಗಿ, ದನಿ ತಗ್ಗಿಸಿ, ಇನ್ನಷ್ಟು ಚಂದ ಮಾಡಿ ಓದಿದೆ. ಅದನ್ನು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

"ಇದು ನಮ್ಮ ವೈನಿದು" ಎಂದರು ಆತ್ಯಾ.

ನಾನು ಮುಂದಿನ ಪತ್ರಕ್ಕೆ ಹಾಳೆ ತಿರುವಿದೆ.

"ಅಣ್ಣ ಬರಿಯೂ ಮುಂದ ನಾ ಬಾಜೂಕ ಕೂತಿದ್ದೆ. ಓದಿ ತೋರ್ಸಿದ್ದ. ಆ ಕಾರ್ಡ್ ನೀ ಹರೀಲಿಲ್ಲೇನು?"

"ಇಲ್ರಿ."

"ಮನ್ಯಾಗ ಇಟ್ಕೊಂಡೀ?"

"ಹೌದ್ರಿ."

"ಇಷ್ಟು ದಿನಾ? ನಿಮ್ಮವ್ವ ಏನೂ ಅನ್ನಲಿಲ್ಲಾ?"

"ಅವ್ವಗ ಗೊತ್ತಿಲ್ರಿ."

ಅವರು ಮೊರ ಕೆಳಗಿಟ್ಟರು. ಸಿಟ್ಟಿಗೇಳುತ್ತಾರೆಂದು ಕಾದೆ. ಏಳಲಿಲ್ಲ. ವರ್ಷದ ಕ್ರಿಯೆ ಹತ್ತಿರ ಬಂದಿದೆ, ಮುದ್ದೇಬಿಹಾಳದಿಂದ, ನಿಡಗುಂದಿಯಿಂದ ವೈನಿಯ ತವರಿನವರೆಲ್ಲ ಬರುತ್ತಾರೆ, ಅಷ್ಟರಲ್ಲಿ ಪುಸ್ತಕವೂ ಬಂದಿರುತ್ತದೆ, ತಮ್ಮ ಮನೆಯ ಮಗಳು ಬೆಳಿಗ್ಗೆ ಎದ್ದು ಮಾಡುತ್ತಿದ್ದ ಕೆಲಸ ಯಾವಳೋ ದೊರೆಸಾನಿಯ ಹೆಸರಿನಲ್ಲಿ ಇರುವುದನ್ನು ಅವರು ಓದಬೇಕೇನು ಎಂದು ಕೇಳಿದರು. ಕೇಳಿದ್ದು ನನ್ನನ್ನಲ್ಲ, ಅಣ್ಣನನ್ನು.

ಮಾಸ್ತರು ಕಣ್ಣು ತೆರೆದರು. "ಇರಲಿ ಬಿಡವಾ" ಎಂದು ತಂಗಿಗೆ ಹೇಳಿದರು. ಆಮೇಲೆ ನನಗೆ: "ನೀ ಕೇಳಿದ್ರ ನಾ ಕೊಡ್ತಿದ್ದೆ ಅಂತ ತಿಳ್ಕೊಂಡಿದ್ರ, ಹಂಗ ತಿಳ್ಕೋಬ್ಯಾಡ. ಕೊಡ್ತಿದ್ದಿಲ್ಲ."

ಹಾಗಾದರೆ ಹಾಳೆಯ ಮೇಲೆ ಯಾಕೆ ಏನೂ ಬರೆಯಲಿಲ್ಲ ಎಂದು ಕೇಳಿದೆ. ಕೇಳಬಾರದಿತ್ತು. ಆ ಪ್ರಶ್ನೆಯಲ್ಲಿ ತಪ್ಪನ್ನು ಅವರ ಕಡೆ ಸ್ವಲ್ಪ ಸರಿಸುವ ಆಸೆಯಿತ್ತು.

"ಎಲ್ಲೆ ಹಚ್ಚಲಿ ಕೆಂಪು? ನನ್ನ ಮಾತು ನಾನ ತಿದ್ದಲೇನು?" ಎಂದರು. ಆಮೇಲೆ ಪಾಠ ಹೇಳುವ ದನಿಯಲ್ಲಿ, "ಅದನ್ನ ಬಿಡು. ಅನುವಾದ ಅಂತ ನೋಡಿದ್ರೂ ತಪ್ಪದ. ಅಂವ ಸುಮ್ಮನಾದಲ್ಲೆ ನೀ ಮಾತಾಡೀದಿ" ಎಂದರು.

ಕಾರ್ಡು ಚೀಲದಲ್ಲೇ ಇತ್ತು, ನಿಘಂಟಿನ ಜೊತೆ. ತೆಗೆದು ಅವರ ಮುಂದೆ ಚಾಚಿದೆ. ಅವರು ಕೈ ಹಿಂದೆ ಸರಿಸಿದರು. ಅದು ನಿನಗ ಬರದದ್ದು, ನೀನ ಹರಿಬೇಕು ಎಂದರು. ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಆಗ ನಾನು ಹೇಳಲೇಬೇಕಾಯಿತು: ಫೋನಿನಲ್ಲಿ ಅದರ ಫೋಟೋ ಇದೆ. ಲ್ಯಾಪ್‌ಟಾಪಿನಲ್ಲಿ ಇನ್ನೊಂದಿದೆ. ಆ ವಾಕ್ಯವಂತೂ ಊರೂರಿನ ಫೋನುಗಳಲ್ಲಿದೆ. ಇದನ್ನು ಹೇಳುವಾಗ ಆತ್ಯಾ ಎದ್ದು ಒಳಗೆ ಹೋದರು. ಒಳಗೆ ಪಾತ್ರೆಯ ಸದ್ದು ಕೇಳಿತು. ಹೊರಗೆ ಬಂದಾಗ ಅವರ ಕೈಯಲ್ಲಿ ಚಹಾ ಇತ್ತು, ನನಗೂ ಇತ್ತು. ಬೈದಿದ್ದರೆ ಕುಡಿಯಬಹುದಿತ್ತು.

ಬಸ್ ನಿಲ್ದಾಣದಿಂದ ಸಂಪಾದಕರಿಗೆ ಫೋನು ಹಚ್ಚಿದೆ. ಅವರು ಸಜ್ಜನರು. ವಿಷಯ ಕೇಳಿ ನೊಂದುಕೊಂಡರು, ಆಮೇಲೆ, "ಆದ್ರೆ ಮೇಡಂ, ಆ ಮನೆಯವರು ಬಿಟ್ಟರೆ ಯಾರಿಗೆ ಗೊತ್ತಾಗುತ್ತೆ?" ಎಂದರು. ಆ ಪತ್ರ ತೆಗೆದರೆ ಪುಸ್ತಕ ಸೊರಗುತ್ತದೆ ಎಂದರು. ಅದೂ ನಿಜವೇ. 'ನಾನು ತಕ್ಷಣ, ಖಡಾಖಂಡಿತವಾಗಿ, ಬೇಡ ತೆಗೆಯಿರಿ ಎಂದೆ': ಈ ವಾಕ್ಯವನ್ನು ಇಲ್ಲಿ ಎರಡು ಸಲ ಬರೆದು ಎರಡು ಸಲವೂ ಹೊಡೆದು ಹಾಕಿದ್ದೇನೆ. ನಿಜವಾಗಿ ನಾನು ಅಂದದ್ದು, ನಾಳೆ ಹೇಳ್ತೇನ್ರಿ ಎಂದು. ಸಿಂದಗಿ ಮುಟ್ಟುವವರೆಗೂ, ತೆಗೆಯದೆ ಇರಲು ಏನಾದರೂ ದಾರಿಯಿದೆಯೇ ಎಂದೇ ಯೋಚಿಸುತ್ತಿದ್ದೆ. ವೈನಿಗೆ ಅರ್ಪಣೆ ಎಂದು ಹಾಕಿದರೆ? ಅಡಿಟಿಪ್ಪಣಿಯಲ್ಲಿ ಋಣ ಸ್ಮರಿಸಿದರೆ? ದೇವರ ಹಿಪ್ಪರಗಿಯಲ್ಲಿ ಬಸ್ಸು ನಿಂತಾಗ ಅರ್ಪಣೆಯ ಸಾಲು ಮನಸ್ಸಿನಲ್ಲಿ ಸಿದ್ಧವಾಗಿಬಿಟ್ಟಿತ್ತು. ಚಂದವೂ ಇತ್ತು. ಅದರ ಚಂದ ಕಂಡೇ ನನಗೆ ಹೇಸಿಕೆಯಾದದ್ದು.

ಮನೆಗೆ ಬಂದು ಗೇಟಿನ ಹೊರಗೇ ನಿಂತು ಅವ್ವನನ್ನು ಕೂಗಿದೆ. ಕಾರ್ಡು ತೋರಿಸಿದೆ. ಅವಳು ಮೂಲೆ ನೋಡಿ, ಯಾರದು ಎಂದಳು. ಹೇಳಿದೆ. ಅವರು ಹೋಗಿ ವರ್ಷ ಆಗಾಕ ಬಂತಲ್ಲ ಎಂದಳು. ಮಿಕ್ಕಿದ್ದನ್ನೂ ಹೇಳಿದೆ. ಅವ್ವ ಅದೆಲ್ಲ ಕೇಳಿಸಿಕೊಂಡು ನಿಘಂಟನ್ನು ನೋಡಿದಳು.

"ಇಷ್ಟು ದಿನಾ ಅದನ್ನ ಒಳಗ ಇಟ್ಕೊಂಡು ಉಂಡೀಯೇನವ್ವಾ?"

ಹರಿದೆ. ಕಾರ್ಡಿನ ರಟ್ಟು ಗಟ್ಟಿ ಇರುತ್ತದೆ, ಒಂದೇ ಸಲಕ್ಕೆ ಹರಿಯುವುದಿಲ್ಲ. ಅವ್ವ ತಂಬಿಗೆ ತಂದು ಕೈಮೇಲೆ ನೀರು ಹಾಕಿದಳು. ಫೋಟೋಗಳನ್ನೂ ಅಳಿಸಿದೆ. ಅಳಿಸಿದ್ದು ಮತ್ತೊಂದು ಕಡೆ ಹೋಗಿ ಕೂತಿರುತ್ತದೆ, ಅಲ್ಲಿಂದಲೂ ತೆಗೆಯಬೇಕು. ತೆಗೆದೆ. ವಾಕ್ಯ ಮಾತ್ರ ಬಾಯಿಪಾಠವಾಗಿತ್ತು. ಅದಕ್ಕೆ ಏನು ಮಾಡಬೇಕೋ ಗೊತ್ತಿಲ್ಲ.

ಆ ಅನುವಾದ ಬೇಡ, ತೆಗೆಯಿರಿ ಎಂದು ಸಂಪಾದಕರಿಗೆ ಹೇಳಿದೆ. ಮೂಲದ ಫೋಟೋ ಮತ್ತೆ ತೆರೆದು ಕೂತೆ. ಆ ಮುದುಕನ ಸಣ್ಣ, ನೇರ ಅಕ್ಷರ. ಎಷ್ಟು ಕಡಿಮೆ ಬರೆದಿದ್ದಾನೆ ಎಂಬುದು ಕಣ್ಣಿಗೆ ಬಿದ್ದದ್ದು ಆಗಲೇ. ಅವನೂ ಹೆಂಡತಿಯನ್ನು ಕಳೆದುಕೊಂಡವನು. ಅವಳ ಬಗ್ಗೆ ಒಂದು ಮಾತೂ ಹೇಳದೆ, ಗೊತ್ತಿದೆ ಎಂದಷ್ಟೇ ಹೇಳಿ ಸರಿದಿದ್ದಾನೆ. ಪದಕ್ಕೆ ಪದ ಇಟ್ಟು ಅನುವಾದಿಸಿದೆ. ಚಪ್ಪಟೆಯಾಗಿ ಬಂತು. ಹಾಗೆಯೇ ಬಿಟ್ಟೆ. ಮಾಸ್ತರಿಗೆ ಕಳಿಸಿದೆ, ಅಂಚು ಪೂರ್ತಿ ಕೆಂಪಾಗಿ ತಿರುಗಿ ಬಂತು. ಆ ಕೆಂಪು ನೋಡಿ ನನಗಾದ ಸಮಾಧಾನಕ್ಕೆ ನಾನು ಯೋಗ್ಯಳಲ್ಲ. ಸಂಪಾದಕರು ಪತ್ರವನ್ನು ಮೊದಲಿನಿಂದ ತೆಗೆದು ಪುಸ್ತಕದ ನಡುವೆ ಎಲ್ಲೋ ಹಾಕಿದರು. ಈಗ ಅದನ್ನು ಯಾರೂ ಗಮನಿಸುವುದಿಲ್ಲ.

ವರ್ಷದ ಕ್ರಿಯೆಯ ದಿನ ಬೆಳಿಗ್ಗೆ ಬೇಡ, ಎಲ್ಲ ಮುಗಿದ ಮೇಲೆ ಇಳಿಹೊತ್ತಿಗೆ ಬಾ ಎಂದು ಆತ್ಯಾ ಹೇಳಿ ಕಳಿಸಿದ್ದರು. ಹೋದೆ. ಪಡಸಾಲೆಯಲ್ಲಿ ನೆಂಟರು ಊಟ ಮುಗಿಸಿ ಗೋಡೆಗೆ ಒರಗಿದ್ದರು. ನನಗೆ ಕಂಬದ ಹತ್ತಿರ ಜಾಗ ಸಿಕ್ಕಿತು.

ಮುದ್ದೇಬಿಹಾಳದಿಂದ ಬಂದಿದ್ದ ವೈನಿಯ ತಮ್ಮ ಒಳ್ಳೆಯ ಮನುಷ್ಯ. ಮಾತಿಲ್ಲದೆ ಕೂತ ಭಾವನನ್ನು ನೋಡಲಾರದೆ ಒದ್ದಾಡುತ್ತಿದ್ದರು. ಕೊನೆಗೆ ಅಂಗಿಯ ಕಿಸೆಯಿಂದ ಫೋನು ತೆಗೆದರು. ಭಾವ, ಯಾರೋ ಕಳಿಸ್ಯಾರ, ನಿಮಗ ಓದಿ ತೋರ್ಸಬೇಕಂತ ಇಟ್ಟಿದ್ದೆ, ಅಮೆರಿಕಾದ ಅಧ್ಯಕ್ಷ ಬರದದ್ದಂತ ಎಂದರು. ಕನ್ನಡಕ ಏರಿಸಿ ಓದತೊಡಗಿದರು. ಚಂದದ ಅಂಚಿನ ಆ ಚಿತ್ರ ನನಗೆ ಕೂತಲ್ಲಿಂದಲೇ ಕಾಣುತ್ತಿತ್ತು. ಅಕ್ಕ ದಿನಾ ಬೆಳಿಗ್ಗೆ ಮಾಡುತ್ತಿದ್ದ ಕೆಲಸದ ಸಾಲಿಗೆ ಬಂದಾಗ ಅವರು ಒಂದು ಕ್ಷಣ ತಡೆದರು. [ಏನೋ ನೆನಪಾಗಿರಬೇಕು.] ಮತ್ತೆ ಮುಂದೆ ಓದಿದರು. ಮಾಸ್ತರು ಕೊನೆಯವರೆಗೂ ಕೇಳಿದರು. ನಡುವೆ ತಡೆಯಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಆತ್ಯಾ ನೋಡಿದರು.

"ಎಷ್ಟ ಖರೇ ಬರದಾನಲ್ರಿ ಭಾವ, ಎಲ್ಲಿಯೋ ಇರೂ ಮನಿಷ್ಯಾ" ಎಂದರು ತಮ್ಮ.

ಮುಂದಿನ ಮಾತಿಗೆ ಕಂಸ ಹಾಕುವುದಿಲ್ಲ. ಮಾಸ್ತರು ಹೆಗಲ ಮೇಲಿನ ಪಂಚೆಯಿಂದ ಮುಖ ಒರೆಸಿಕೊಂಡು, "ಹೆಂಡತಿ ಸತ್ತಾವ ಬರದಿರಬೇಕು, ಬಿಡು" ಎಂದರು.